ಕಥನದಲ್ಲಿ ವರ್ಣನೆ: ಕಲಿಸುವ ಬಗೆ

ಕಾದಂಬರಿಕಾರರು ದೃಶ್ಯವನ್ನು ಕಟ್ಟುವುದು ವಿಶೇಷಣಗಳಿಂದಲ್ಲ. ಪಾತ್ರವು ಕಂಡ, ಕೇಳಿದ, ಮುಟ್ಟಿದ ವಿವರಗಳಿಂದ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ನಾಯಿಗುತ್ತಿ ತನ್ನ ಹುಲಿಯನೊಡನೆ ನಡೆದಂತೆಲ್ಲ ಕಾಡು ತೆರೆದುಕೊಳ್ಳುತ್ತದೆ. ಈ ಮಾದರಿಯನ್ನು ಕಂಠಪಾಠ ಮಾಡಿದ ಬಯಲುಸೀಮೆಯ ವಿದ್ಯಾರ್ಥಿ ಮಾತ್ರ, ತಾನು ಕಾಣದ ಮಲೆಯನ್ನು ‘ರಮಣೀಯ’ವೆಂದು ಬರೆದು ಮುಗಿಸುತ್ತಾನೆ; ಅಂಕವೂ ದೊರೆಯುತ್ತದೆ. ದಾವಣಗೆರೆ ಜಿಲ್ಲೆಯ ಮಕ್ಕಳಿಗಂತೂ ಎರವಲು ದೃಶ್ಯ ಬೇಕಿಲ್ಲ. ಚನ್ನಗಿರಿಯಲ್ಲಿ ಸೂಳೆಕೆರೆ ಹಾಗೂ ಅಡಿಕೆ ಬೇಯಿಸುವ ಒಲೆಗಳ ವಾಸನೆ, ಹೊನ್ನಾಳಿಯಲ್ಲಿ ತುಂಗಭದ್ರೆ, ನ್ಯಾಮತಿಯಲ್ಲಿ ಮೆಕ್ಕೆಜೋಳದ ಹೊಲ, ಜಗಳೂರಿನಲ್ಲಿ ಕೊಂಡುಕುರಿಗಳು ಅಡಗುವ ರಂಗಯ್ಯನದುರ್ಗದ ಕುರುಚಲು ಕಾಡು ಕಣ್ಣೆದುರಿಗೇ ಇವೆ. ಶಿಕ್ಷಕರು ಮಾಡಿಸಬೇಕಾದ ಮೊದಲ ಅಭ್ಯಾಸ ಸರಳವಾದುದು: ಬರೆದ ವಾಕ್ಯದ ವಿಶೇಷಣವನ್ನು ಅಳಿಸಿ, ಆ ಜಾಗದಲ್ಲಿ ಒಂದು ಸದ್ದನ್ನೋ ವಾಸನೆಯನ್ನೋ ಇರಿಸುವುದು.