ಉಪ್ಪುಗಾಳಿಯ ಊರಿನಲ್ಲಿ ಸೇಫ್ಟಿ ರೇಜರ್

ಎರಡು ಬಾಯಿಯ ತೆಳು ಬ್ಲೇಡನ್ನು ಲೋಹದ ಎರಡು ತಟ್ಟೆಗಳ ನಡುವೆ ಬಿಗಿದು, ಅದರ ಅಂಚು ತುಸುವೇ ಹೊರಗೆ ಕಾಣುವಂತೆ ಮಾಡಿದ ಸಾಧನ ಸೇಫ್ಟಿ ರೇಜರ್. ಇದನ್ನು ಬಳಸುವ ವಿಧಾನ ಎಲ್ಲ ಊರಿಗೂ ಒಂದೇ. ಆದರೆ ಕಾರವಾರ, ಅಂಕೋಲೆಗಳಲ್ಲಿ ದಾಡಿ ಚೆನ್ನಾಗಿ ಆಗುವುದೂ ಕೆಡುವುದೂ ರೇಜರಿನ ಬೆಲೆಯಿಂದಲ್ಲ, ಇಲ್ಲಿನ ನೀರು ಮತ್ತು ಗಾಳಿಯಿಂದ. ಸಾಧನದ ಬಗ್ಗೆ ಬರೆಯುವವರು ಈ ಮಾತನ್ನು ಬಿಟ್ಟೇಬಿಡುತ್ತಾರೆ.

ಸಾಧನ ಬಂದ ದಾರಿ

ಚರ್ಮಕ್ಕೆ ಕತ್ತಿ ಆಳವಾಗಿ ಇಳಿಯದಂತೆ ತಡೆ ಇಡುವ ಯೋಚನೆ ಹಳೆಯದು. ಫ್ರಾನ್ಸಿನ ಜ್ಯಾನ್ ಜಾಕ್ ಪೆರೆ 18ನೇ ಶತಮಾನದಲ್ಲೇ ಕ್ಷೌರದ ಕತ್ತಿಗೆ ಮರದ ಕಾಪು ಹಾಕಿದ್ದ. ಬಳಸಿ ಎಸೆಯುವ ಬ್ಲೇಡಿನ ರೇಜರಿಗೆ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಅಷ್ಟು ತೆಳುವಾದ ಉಕ್ಕಿನ ಹಾಳೆಯನ್ನು ಹದಗೊಳಿಸಿ ಮಸೆಯುವ ಯಂತ್ರವನ್ನು ರೂಪಿಸಿದವನು ವಿಲಿಯಂ ನಿಕರ್ಸನ್. ಮಾರಾಟದ ಮೊದಲ ವರ್ಷ 1903ರಲ್ಲಿ ಹೋದದ್ದು 51 ರೇಜರ್, 168 ಬ್ಲೇಡು ಮಾತ್ರ. ಮರುವರ್ಷ ರೇಜರುಗಳ ಲೆಕ್ಕವೇ ಸುಮಾರು 90 ಸಾವಿರ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಟೋಪಾಜ್, ಸೆವೆನ್ ಓ ಕ್ಲಾಕ್, ಸೂಪರ್‌ಮ್ಯಾಕ್ಸ್ ಹೆಸರಿನಲ್ಲಿ ಸಿಗುವುದು ಅದೇ ವಂಶದ ಬ್ಲೇಡು. ಕ್ಷೌರದಂಗಡಿಗಳಲ್ಲಿ ಕಾಗದದ ಸಮೇತ ಮುರಿದು, ಅರ್ಧವನ್ನು ಹಿಡಿಗೆ ಸಿಕ್ಕಿಸಿಕೊಳ್ಳುವುದೂ ಇದನ್ನೇ. ಸೋಂಕಿನ ಭಯದಿಂದ ಹಳೆಯ ಮಸೆಯುವ ಕತ್ತಿ ಮೂಲೆ ಸೇರಿತು.

ನೀರು

ಒಣಗಿದ ಗಡ್ಡದ ಕೂದಲು ಗಡುಸು. ಬೆಚ್ಚಗಿನ ನೀರು ಎರಡು-ಮೂರು ನಿಮಿಷ ತಾಗಿದರೆ ಕೂದಲು ನೀರು ಹೀರಿ ಮೆತ್ತಗಾಗುತ್ತದೆ, ಕತ್ತರಿಸಲು ಬೇಕಾಗುವ ಬಲ ಸ್ಪಷ್ಟವಾಗಿ ಇಳಿಯುತ್ತದೆ. ಆದ್ದರಿಂದ ದಾಡಿಗೆ ಸರಿಯಾದ ಹೊತ್ತು ಸ್ನಾನ ಮುಗಿದ ಕೂಡಲೇ. ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ ಹಾಕಿ ಹಂಡೆ ಕಾಯಿಸುವ ಮನೆಗಳಲ್ಲಿ ಇದಕ್ಕೆ ಬೇರೆ ಏರ್ಪಾಡೇ ಬೇಡ.

ಯಾವ ನೀರು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಕೆಂಪು ಜಂಬಿಟ್ಟಿಗೆ ನೆಲದ ಬಾವಿಯ ನೀರಿನಲ್ಲಿ ಸುಣ್ಣದಂಶ ಸಾಮಾನ್ಯವಾಗಿ ಕಡಿಮೆ, ಸೋಪು ಬೇಗ ನೊರೆ ಕೊಡುತ್ತದೆ. ಆದರೆ ಕಾಳಿ ನದಿಯ ಮುಖಭಾಗದ ಊರುಗಳಲ್ಲಿ, ಬೇಲೇಕೇರಿಯ ಕಡಲಂಚಿನಲ್ಲಿ, ಗಂಗಾವಳಿ ಸಮುದ್ರ ಸೇರುವ ಮಂಜಗುಣಿಯ ಆಸುಪಾಸಿನಲ್ಲಿ ಬೇಸಿಗೆ ಬಂತೆಂದರೆ ಉಬ್ಬರದ ನೀರು ಮೇಲಕ್ಕೇರುತ್ತದೆ, ತಗ್ಗಿನ ಬಾವಿಗಳು ಸವಳಾಗುತ್ತವೆ. ಅಂಥ ನೀರಿನಲ್ಲಿ ದಾಡಿ ಸೋಪು ನೊರೆಯಾಗುವ ಬದಲು ಮೊಸರಿನಂತೆ ಒಡೆಯುತ್ತದೆ. ಬ್ರಷ್ ತಿರುಗಿಸಿದಷ್ಟೂ ಗಸಿಯೇ ಹೆಚ್ಚು.

ಕಾರಣ ಸೋಪಿನ ರಚನೆಯಲ್ಲೇ ಇದೆ. ದಾಡಿ ಸೋಪಿನ ಗಟ್ಟಿ ನೊರೆ ಬರುವುದು ಸ್ಟಿಯರಿಕ್ ಆಮ್ಲದ ಲವಣಗಳಿಂದ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿದರೆ ಅವು ಕರಗದ ಕೊಳೆಯಾಗಿ ಕೂರುತ್ತವೆ, ಅಡಿಗೆ ಉಪ್ಪಿನಂಶ ಹೆಚ್ಚಾದರೂ ನೀರು ಬಿಟ್ಟು ಬೇರೆಯಾಗುತ್ತವೆ. ಉಪ್ಪುನೀರಿಗೆ ಜಗ್ಗದೆ ನೊರೆ ಕೊಡುವುದು ತೆಂಗಿನೆಣ್ಣೆಯ ಸೋಪು. ಹಡಗಿನವರು ಸಮುದ್ರದ ನೀರಿನಲ್ಲಿ ಮೀಯಲು ಬಳಸುತ್ತಿದ್ದುದು ಅದನ್ನೇ. ಆದರೆ ಅದರ ನೊರೆ ದೊಡ್ಡ ಗುಳ್ಳೆಯದು, ಬೇಗ ಆರುತ್ತದೆ, ಬ್ಲೇಡಿಗೆ ಜಾರು ಕೊಡುವುದಿಲ್ಲ. ದಾಡಿಗೆ ಅದನ್ನೊಂದನ್ನೇ ನಂಬುವಂತಿಲ್ಲ.

ಕುದಿಸಿದರೆ ಗಡಸುತನ ತುಸು ಇಳಿದೀತು, ಉಪ್ಪು ಹೋಗದು. ಪರಿಹಾರ ಸುಲಭ: ನೊರೆಗೆ ಬೇಕಾಗುವುದು ಅರ್ಧ ಚೊಂಬು ನೀರು ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ ಅಷ್ಟನ್ನು ನಲ್ಲಿಯ ಸಿಹಿನೀರಿನಿಂದ ತೆಗೆದಿಟ್ಟುಕೊಳ್ಳಬೇಕು. ಮಳೆಗಾಲದಲ್ಲಂತೂ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಸುರಿಯುವ ಈ ಕರಾವಳಿಯಲ್ಲಿ ಮಾಡಿನಿಂದ ಇಳಿಯುವ ನೀರಿಗಿಂತ ಮೆದುವಾದದ್ದು ಬೇರೆ ಇಲ್ಲ. ಮೊದಲ ಮಳೆ ಮಾಡು ತೊಳೆದು ಹೋಗಲಿ, ಆಮೇಲೆ ಹಿಡಿಯಿರಿ.

ನೊರೆ

ಬ್ರಷ್ಷನ್ನು ನೆನೆಸಿ, ನೀರು ಒಮ್ಮೆ ಕೊಡವಿ, ಸೋಪಿನ ಮೇಲೆ ಅರ್ಧ ನಿಮಿಷ ತಿರುಗಿಸಿ. ಮುಖದ ಮೇಲೆ ತಿಕ್ಕುತ್ತ ಹನಿಹನಿಯಾಗಿ ನೀರು ಸೇರಿಸಿ. ಗುಳ್ಳೆ ಕಾಣದೆ, ಹೊಳಪಿನಿಂದ, ಮುಖಕ್ಕೆ ಅಂಟಿ ನಿಲ್ಲುವ ನೊರೆ ಹದವಾದದ್ದು. ಫ್ಯಾನಿನ ಕೆಳಗೆ ನಿಂತರೆ ಅದು ಒಣಗುತ್ತದೆ. ಸೆಕೆಯಾದರೂ ಆ ಐದು ನಿಮಿಷ ಫ್ಯಾನ್ ಆರಿಸುವುದು ಒಳ್ಳೆಯದು.

ಕೈಗೆಲಸ

ರೇಜರನ್ನು ಕೆನ್ನೆಗೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿಯಬೇಕು. ಕಾರ್ಟ್ರಿಜ್ ರೇಜರಿಗೆ ಒಗ್ಗಿದವರು ಒತ್ತುತ್ತಾರೆ. ಅಲ್ಲೇ ಕೊಯ್ಯುವುದು. ಇಲ್ಲಿ ರೇಜರಿನ ತೂಕವೇ ಸಾಕು, ಕೈ ದಾರಿ ತೋರಿಸಿದರಾಯಿತು. ಮೊದಲು ಬೆರಳಿನಿಂದ ಗಡ್ಡ ಸವರಿ ಕೂದಲು ಯಾವ ದಿಕ್ಕಿಗೆ ಮಲಗಿದೆ ಎಂದು ತಿಳಿದುಕೊಳ್ಳಿ. ಕುತ್ತಿಗೆಯಲ್ಲಿ ಅದು ಅಡ್ಡಡ್ಡ ಹೋಗಿರುವುದೂ ಉಂಟು. ಚರ್ಮವನ್ನು ತುಸು ಬಿಗಿಹಿಡಿದು, ಕೂದಲಿನ ದಿಕ್ಕಿಗೇ ಚಿಕ್ಕ ಚಿಕ್ಕ ಎಳೆತ. ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ ಇನ್ನೊಮ್ಮೆ.

ಅಷ್ಟಕ್ಕೇ ನಿಲ್ಲಿಸಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎದುರು ದಿಕ್ಕಿಗೆ ಎಳೆದರೆ ಕೆನ್ನೆ ನುಣುಪಾಗುತ್ತದೆ, ನಿಜ. ಆದರೆ ಬೆವರು ಆರದ ಈ ಹವೆಯಲ್ಲಿ ತರಚಿದ ಚರ್ಮ ಮಧ್ಯಾಹ್ನಕ್ಕೆ ಉರಿಯುತ್ತದೆ. ತುದಿ ತೀರ ಕೆಳಗೆ ಕತ್ತರಿಸಿದ ಕೂದಲು ಒಳಮುಖವಾಗಿ ಬೆಳೆದು ಗುಳ್ಳೆಯಾಗುತ್ತದೆ. ದಿನಾ ಮುಖ ನುಣ್ಣಗಿಡಬೇಕಾದವರಿಗಂತೂ ಈ ಸಂಯಮ ಅಗತ್ಯ. ಮುಗಿದ ಮೇಲೆ ತಣ್ಣೀರು, ಒದ್ದೆ ಮುಖಕ್ಕೆ ಒಮ್ಮೆ ಪಟಿಕ, ಒಂದು ನಿಮಿಷ ಬಿಟ್ಟು ಮತ್ತೆ ತಣ್ಣೀರು.

ಉಪ್ಪುಗಾಳಿ ಮತ್ತು ತುಕ್ಕು

1960ರ ದಶಕದ ಆರಂಭದಲ್ಲಿ ಸ್ಟೇನ್‌ಲೆಸ್ ಬ್ಲೇಡು ಪ್ರಚಾರಕ್ಕೆ ಬರುವ ಮೊದಲು ಇಂಗಾಲದ ಉಕ್ಕಿನ ಬ್ಲೇಡು ಬೇಗನೆ ತುಕ್ಕು ಹಿಡಿಯುತ್ತಿತ್ತು. ಸ್ಟೇನ್‌ಲೆಸ್ ಕೂಡ ಉಪ್ಪಿನ ಮುಂದೆ ಪೂರ್ತಿ ಅಜೇಯವಲ್ಲ, ಕ್ಲೋರೈಡ್ ಅದರ ರಕ್ಷಾಪದರವನ್ನು ಅಲ್ಲಲ್ಲಿ ಕೊರೆಯುತ್ತದೆ. ಬಳಸಿದ ಮೇಲೆ ರೇಜರ್ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು, ನೀರು ಕೊಡವಿ, ಬಚ್ಚಲಿನ ಹೊರಗೆ ಇಡಬೇಕು. ಬ್ಲೇಡಿನ ಅಂಚನ್ನು ಬಟ್ಟೆಯಿಂದ ಒರೆಸಬೇಡಿ. ಅಗ್ಗದ ರೇಜರುಗಳು ಸತುವಿನ ಮಿಶ್ರಲೋಹದವು. ಮೇಲಿನ ಕ್ರೋಮ್ ಪದರ ಒಮ್ಮೆ ಎದ್ದರೆ ಒಳಲೋಹ ಉಪ್ಪುಗಾಳಿಗೆ ಪುಡಿಯಾಗುತ್ತದೆ. ಸಮುದ್ರದಂಚಿನ ಮನೆಗೆ ಹಿತ್ತಾಳೆಯದೋ ಸ್ಟೇನ್‌ಲೆಸ್ ಉಕ್ಕಿನದೋ ಕೊಳ್ಳುವುದೇ ಲಾಭ. ಆಷಾಢದ ಮಳೆಯಲ್ಲಿ ಕೂದಲಿನ ಬ್ರಷ್ ದಿನಗಟ್ಟಲೆ ಆರದೆ ಬೂಸಲು ಹಿಡಿಯುವುದುಂಟು. ಮಳೆಗಾಲದ ನಾಲ್ಕು ತಿಂಗಳಿಗೆ ನೈಲಾನ್ ಬ್ರಷ್ ವಾಸಿ.

ಹಳೆಯ ಬ್ಲೇಡು

ನಾಲ್ಕೈದು ದಾಡಿಗೆ ಬ್ಲೇಡು ಎಳೆಯತೊಡಗಿದರೆ ಬದಲಿಸಿ. ತೆಗೆದದ್ದನ್ನು ಕಸದ ಚೀಲಕ್ಕೆ ಹಾಗೇ ಹಾಕಬೇಡಿ, ಮರಳಿಗೆ ಎಸೆಯಬೇಡಿ. ಕಾರವಾರ ನಗರಸಭೆಯದಾಗಲಿ, ಅಂಕೋಲಾ ಪುರಸಭೆಯದಾಗಲಿ, ಕಸ ಬೇರ್ಪಡಿಸುವುದು ಮನುಷ್ಯರ ಕೈ. ಹಳೆಯ ತಗಡಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಬ್ಲೇಡುಗಳನ್ನು ಅದರೊಳಗೆ ಬಿಡಿ. ಡಬ್ಬಿ ತುಂಬಿದಾಗ ಬಾಯಿ ಬಿಗಿದು, ಒಳಗೆ ಬ್ಲೇಡಿದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಪೌರಕಾರ್ಮಿಕರ ಕೈಗೆ ಹೇಳಿಯೇ ಕೊಡಿ.