ಮುಖದ ವ್ಯಾಕ್ಸಿಂಗ್

ಮುಖದ ವ್ಯಾಕ್ಸಿಂಗ್ ಎಂಬುದು ಮುಖದ ಮೇಲಿನ ಬೇಡದ ರೋಮಗಳನ್ನು ಮೇಣದಂಥ ಅಂಟುಪದಾರ್ಥದ ನೆರವಿನಿಂದ ಬುಡಸಹಿತ ಕೀಳುವ ಸೌಂದರ್ಯೋಪಚಾರ ವಿಧಾನ. ಮೇಲ್ದುಟಿ, ಗದ್ದ, ಕೆನ್ನೆಯ ಪಕ್ಕ ಹಾಗೂ ಹುಬ್ಬುಗಳ ನಡುವಣ ಭಾಗಗಳಿಗೆ ಇದನ್ನು ಸಾಮಾನ್ಯವಾಗಿ ಮಾಡಿಸಿಕೊಳ್ಳಲಾಗುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ಊರುಗಳಲ್ಲಿ ದಾರದಿಂದ ರೋಮ ತೆಗೆಯುವ ಥ್ರೆಡ್ಡಿಂಗ್‌ನ ಜೊತೆಗೆ ಇದೂ ಬ್ಯೂಟಿ ಪಾರ್ಲರುಗಳ ಸೇವೆಗಳಲ್ಲಿ ಒಂದಾಗಿದೆ. ಮುಖದ ಚರ್ಮವು ಕೈಕಾಲುಗಳ ಚರ್ಮಕ್ಕಿಂತ ತೆಳುವಾದುದರಿಂದ ಮೊದಲ ಬಾರಿ ಮಾಡಿಸಿಕೊಳ್ಳುವವರು ಪೂರ್ವಸಿದ್ಧತೆ ಮತ್ತು ನಂತರದ ಆರೈಕೆ ಎರಡನ್ನೂ ಅರಿತಿರುವುದು ಅಗತ್ಯ.

ಹಿನ್ನೆಲೆ

ರೋಮ ನಿವಾರಣೆ ಇತ್ತೀಚಿನ ಶೋಕಿಯೇನೂ ಅಲ್ಲ. ಸಕ್ಕರೆ ಮತ್ತು ನಿಂಬೆರಸವನ್ನು ಕಾಯಿಸಿ ಮಾಡಿದ ಅಂಟುಪಾಕದಿಂದ ರೋಮ ತೆಗೆಯುವ ರೂಢಿ ಪಶ್ಚಿಮ ಏಷ್ಯಾ ಹಾಗೂ ಈಜಿಪ್ಟಿನಲ್ಲಿ ಬಹುಕಾಲದಿಂದ ಇದೆ. ಸುಶ್ರುತಸಂಹಿತೆಯು ವ್ರಣಚಿಕಿತ್ಸೆಯ ಅರವತ್ತು ಉಪಕ್ರಮಗಳಲ್ಲಿ ರೋಮ ತೆಗೆಯುವುದನ್ನೂ ಸೇರಿಸಿದೆ. ಅದಕ್ಕೆ ಶಂಖಚೂರ್ಣ ಮತ್ತು ಹರಿತಾಲದ ಲೇಪವನ್ನು ಹೇಳಿದೆ. ಹರಿತಾಲವು ಆರ್ಸೆನಿಕ್ ಇರುವ ಖನಿಜವಾದುದರಿಂದ ಇದನ್ನು ಇತಿಹಾಸವೆಂದು ಓದಬೇಕೇ ಹೊರತು ಮನೆಯಲ್ಲಿ ಪ್ರಯೋಗಿಸಬಾರದು. ಕರ್ನಾಟಕದ ಮನೆಗಳಲ್ಲಿ ಹೆಣ್ಣುಮಕ್ಕಳ ಮುಖಕ್ಕೆ ಕಡಲೆಹಿಟ್ಟು ಮತ್ತು ಅರಿಸಿನ ತಿಕ್ಕುವ ವಾಡಿಕೆಯ ಹಿಂದೆ ಕೂದಲು ಕಡಿಮೆಯಾಗಲಿ ಎಂಬ ಆಶಯವೂ ಇತ್ತು. ತಿಕ್ಕುವಾಗ ಕೆಲವು ನವಿರು ರೋಮಗಳು ಕಿತ್ತುಬರಬಹುದಾದರೂ ಬೇರು ಉಳಿದೇ ಇರುತ್ತದೆ.

ಮೇಣದ ಬಗೆಗಳು

ಬಳಕೆಯಲ್ಲಿರುವ ಮೇಣಗಳು ಮುಖ್ಯವಾಗಿ ಎರಡು ಬಗೆಯವು. ಮೆದು ಮೇಣವನ್ನು ತೆಳುವಾಗಿ ಸವರಿ, ಬಟ್ಟೆಯ ಅಥವಾ ಕಾಗದದ ಪಟ್ಟಿಯನ್ನು ಒತ್ತಿ ಎಳೆಯುತ್ತಾರೆ. ಗಟ್ಟಿ ಮೇಣವನ್ನು ದಪ್ಪವಾಗಿ ಹಚ್ಚಿದರೆ ಅದು ತಾನೇ ಹೆಪ್ಪುಗಟ್ಟುತ್ತದೆ, ಪಟ್ಟಿ ಬೇಕಾಗುವುದಿಲ್ಲ. ಪಾರ್ಲರುಗಳಲ್ಲಿ ಕಟೋರಿ ವ್ಯಾಕ್ಸ್ ಎನ್ನುವುದು ಈ ಎರಡನೆಯ ಬಗೆ. ಇದು ರೋಮಕ್ಕೆ ಹೆಚ್ಚಾಗಿಯೂ ಚರ್ಮಕ್ಕೆ ಕಡಿಮೆಯಾಗಿಯೂ ಅಂಟುವುದರಿಂದ ಮುಖಕ್ಕೆ ಮೇಲು. ಅನೇಕ ಮೇಣಗಳಲ್ಲಿ ಪೈನ್ ಮರದ ರಾಳವಿರುತ್ತದೆ. ಕೆಲವರಿಗೆ ರಾಳವೇ ಅಲರ್ಜಿಯನ್ನು ತರುತ್ತದೆ. ಅಂಟುಪಟ್ಟಿ ಅಥವಾ ಬ್ಯಾಂಡೇಜಿನಿಂದ ಹಿಂದೆ ಮೈ ಕೆರೆತ ಬಂದಿದ್ದವರು ಇದನ್ನು ಮೊದಲೇ ತಿಳಿಸಬೇಕು.

ರೋಮ ಮತ್ತು ಮರುಬೆಳವಣಿಗೆ

ಮೇಣವು ರೋಮವನ್ನು ಹಿಡಿಯಬೇಕಾದರೆ ಅದು ಸುಮಾರು ಅರ್ಧ ಸೆಂಟಿಮೀಟರ್ ಉದ್ದವಿರಬೇಕು. ಕಿತ್ತ ರೋಮ ಸಾಮಾನ್ಯವಾಗಿ 3ರಿಂದ 6 ವಾರಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಎಲ್ಲ ರೋಮಗಳೂ ಬೆಳವಣಿಗೆಯ ಒಂದೇ ಹಂತದಲ್ಲಿ ಇರುವುದಿಲ್ಲವಾದ್ದರಿಂದ ಮೊದಲ ಬಾರಿಯ ಕೆಲವೇ ದಿನಗಳಲ್ಲಿ ಒಂದೆರಡು ಹೊಸ ರೋಮಗಳು ಮೂಡಿದರೆ ಅದು ಪಾರ್ಲರಿನವರ ತಪ್ಪಲ್ಲ. ಕ್ಷೌರ ಮಾಡಿದರೆ ಕೂದಲು ದಪ್ಪವಾಗಿ ಬೆಳೆಯುತ್ತದೆ ಎಂಬ ನಂಬಿಕೆಯನ್ನು ಅಮೆರಿಕದ ಅಂಗರಚನಾಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲಿಯೇ ಪರೀಕ್ಷಿಸಿ, ಅದಕ್ಕೆ ಆಧಾರವಿಲ್ಲವೆಂದು ತೋರಿಸಿದರು. ಆದರೂ ಆ ಮಾತು ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ.

ಪೂರ್ವಸಿದ್ಧತೆ

ಎಲ್ಲಕ್ಕಿಂತ ಮುಖ್ಯವಾದುದು ಮುಖಕ್ಕೆ ಈಗಾಗಲೇ ಹಚ್ಚುತ್ತಿರುವ ಮುಲಾಮುಗಳ ವಿಚಾರ. ಮೊಡವೆಗೂ ಬಂಗಿಗೂ ಕೊಡುವ ಟ್ರೆಟಿನಾಯ್ನ್, ಅಡಾಪಲೀನ್ ಮುಂತಾದವು ಚರ್ಮದ ಮೇಲ್ಪದರವನ್ನು ಸಡಿಲಗೊಳಿಸುತ್ತವೆ. ಅಂಥ ಚರ್ಮದ ಮೇಲೆ ಮೇಣ ಎಳೆದರೆ ರೋಮದೊಡನೆ ಚರ್ಮವೂ ಸುಲಿದುಬರಬಹುದು. ಇವುಗಳನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕು. ಮೊಡವೆಗೆ ಐಸೊಟ್ರೆಟಿನಾಯ್ನ್ ಮಾತ್ರೆ ನುಂಗುತ್ತಿರುವವರು ಆ ಅವಧಿಯಲ್ಲಿಯೂ ಮಾತ್ರೆ ನಿಂತ ಮೇಲೆ ಕನಿಷ್ಠ 6 ತಿಂಗಳವರೆಗೂ ವ್ಯಾಕ್ಸಿಂಗ್ ಮಾಡಿಸಬಾರದೆಂಬುದು ಔಷಧದೊಂದಿಗೆ ಬರುವ ಎಚ್ಚರಿಕೆ.

ಇದಕ್ಕಿಂತಲೂ ಹೆಚ್ಚು ಮೋಸಗೊಳಿಸುವುದು ಬಿಳಿಯಾಗಲೆಂದು ಹಚ್ಚುವ ಸ್ಟೀರಾಯ್ಡ್ ಕ್ರೀಮುಗಳು. ಹೈಡ್ರೋಕ್ವಿನೋನ್, ಟ್ರೆಟಿನಾಯ್ನ್, ಮೊಮೆಟಾಸೋನ್ ಮೂರೂ ಬೆರೆತ ಮುಲಾಮುಗಳನ್ನು, ಬೀಟಾಮೆಥಸೋನ್ ಇರುವ ಅಗ್ಗದ ಟ್ಯೂಬುಗಳನ್ನು ಗೆಳತಿಯ ಮಾತು ಕೇಳಿ ತಿಂಗಳುಗಟ್ಟಲೆ ಹಚ್ಚಿಕೊಂಡವರು ಭಾರತದ ಎಲ್ಲೆಡೆ ಇದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಇವು ಚರ್ಮವನ್ನು ತೆಳುಗೊಳಿಸುತ್ತವೆ, ಕೆಂಪು ನರಗಳನ್ನು ಎದ್ದು ಕಾಣಿಸುತ್ತವೆ, ಮತ್ತು ಮುಖದಲ್ಲಿ ರೋಮವನ್ನೂ ಹೆಚ್ಚಿಸಬಲ್ಲವು. ರೋಮ ಹೆಚ್ಚಾಯಿತೆಂದು ಪಾರ್ಲರಿಗೆ ಹೋದಾಗ ತೆಳುವಾದ ಚರ್ಮ ಹರಿಯುತ್ತದೆ. ಹರಿದ ಜಾಗ ಕಪ್ಪಾದಾಗ ಅದೇ ಟ್ಯೂಬನ್ನು ಮತ್ತೆ ಹಚ್ಚುತ್ತಾರೆ. ಬಹುಕಾಲ ಬಳಸಿದ ಸ್ಟೀರಾಯ್ಡನ್ನು ಥಟ್ಟನೆ ಬಿಟ್ಟರೂ ಮುಖ ಉರಿದು ಕೆಂಪಾಗುವುದರಿಂದ ಅದನ್ನು ಚರ್ಮರೋಗ ತಜ್ಞರ ಸಲಹೆಯಂತೆ ಬಿಡಬೇಕು. ಅಲ್ಲಿಯವರೆಗೆ ಮೇಣ ಬೇಡ.

ಮೊಡವೆ ಕೀವುಗಟ್ಟಿರುವಾಗ, ಹುಳುಕಡ್ಡಿ ಅಥವಾ ಗಾಯವಿರುವಾಗ, ಬಿಸಿಲಿಗೆ ಚರ್ಮ ಸುಟ್ಟಿರುವಾಗ ದಿನ ಮುಂದೂಡಬೇಕು. ತುಟಿಯಂಚಿನಲ್ಲಿ ಆಗಾಗ ಹರ್ಪಿಸ್ ಗುಳ್ಳೆ ಏಳುವವರು, ಮಧುಮೇಹಿಗಳು ಹಾಗೂ ರಕ್ತ ತೆಳುಗೊಳಿಸುವ ಔಷಧ ಸೇವಿಸುವವರು ವೈದ್ಯರನ್ನು ಕೇಳುವುದು ಒಳಿತು. ಮಚ್ಚೆ ಮತ್ತು ನರುಳ್ಳೆಗಳ ಮೇಲೆ ಮೇಣ ಹಾಕಿಸಬಾರದು. ಒಂದೆರಡು ದಿನ ಮೊದಲು ದವಡೆಯ ಕೆಳಗೆ ಚಿಕ್ಕ ಜಾಗದಲ್ಲಿ ಮೇಣವನ್ನು ಪರೀಕ್ಷಿಸಿ ನೋಡುವುದು ಉತ್ತಮ.

ಮದುವೆ ಮತ್ತು ಹಬ್ಬಗಳ ಲೆಕ್ಕ

ಈ ಸೀಮೆಯಲ್ಲಿ ಅನೇಕ ಹುಡುಗಿಯರ ಮೊದಲ ಮುಖದ ವ್ಯಾಕ್ಸಿಂಗ್ ಮದುವೆಯ ಮುನ್ನಾದಿನಗಳಲ್ಲಿ ನಡೆಯುತ್ತದೆ. ಅದು ತೀರ ತಪ್ಪಾದ ಕಾಲ. ಮದುವಣಗಿತ್ತಿಗೆ ಅರಿಸಿನ ಹಚ್ಚುವ ಶಾಸ್ತ್ರವು ವ್ಯಾಕ್ಸಿಂಗ್‌ನ ಮರುದಿನವೇ ಬಂದರೆ, ತೆರೆದ ರೋಮಕೂಪಗಳ ಮೇಲೆ ಅರಿಸಿನ, ಎಣ್ಣೆ ಮತ್ತು ಹತ್ತು ಜನರ ಕೈ ಒಟ್ಟಿಗೆ ಬಿದ್ದಂತಾಗುತ್ತದೆ. ಉರಿ, ಗುಳ್ಳೆ, ಕೆಲವೊಮ್ಮೆ ಹಳದಿ ಕಲೆ ಇದರ ಫಲ. ಮೊದಲ ಪ್ರಯೋಗವನ್ನು ಮದುವೆಗೆ ಒಂದೆರಡು ತಿಂಗಳ ಮೊದಲೇ ಮಾಡಿ ಚರ್ಮದ ಗುಣವನ್ನು ಅರಿತು, ಆಮೇಲಿನದನ್ನು ಅರಿಸಿನ ಶಾಸ್ತ್ರಕ್ಕೆ ನಾಲ್ಕೈದು ದಿನ ಮುಂಚೆ ಮುಗಿಸಿಕೊಳ್ಳಬೇಕು. ಶಾಸ್ತ್ರದ ದಿನ ಮುಖಕ್ಕೆ ಬದಲು ಕೈಕಾಲುಗಳಿಗೆ ಹಚ್ಚಿ ಎಂದು ಹಿರಿಯರಲ್ಲಿ ಕೇಳಿಕೊಂಡರೆ ಯಾರೂ ಮುನಿಯಲಾರರು. ಯುಗಾದಿ, ದೀಪಾವಳಿಗಳ ಎಣ್ಣೆಸ್ನಾನಕ್ಕೂ ಇದೇ ಲೆಕ್ಕ: ಬಿಸಿನೀರಿನ ಅಭ್ಯಂಜನವೂ ಮೇಣವೂ ಒಂದೇ ದಿನ ಕೂಡದು.

ಮಾಡುವ ಕ್ರಮ

ಮುಖ ತೊಳೆದು ಪೂರ್ತಿ ಒರೆಸಿ, ಬೆವರು ಹೀರಲು ತುಸು ಪುಡಿ ಹಚ್ಚುತ್ತಾರೆ. ಮೇಣದ ಬಿಸಿಯನ್ನು ಮೊದಲು ಮಣಿಕಟ್ಟಿನ ಒಳಬದಿಗೆ ಹಚ್ಚಿ ನೋಡಬೇಕು. ರೋಮ ಬೆಳೆದ ದಿಕ್ಕಿಗೆ ಮೇಣ ಸವರಿ, ಚರ್ಮವನ್ನು ಬೆರಳಿನಿಂದ ಬಿಗಿಹಿಡಿದು, ವಿರುದ್ಧ ದಿಕ್ಕಿಗೆ ಚರ್ಮಕ್ಕೆ ಒತ್ತಿದಂತೆ ಸಮಾಂತರವಾಗಿ ಬೇಗನೆ ಎಳೆಯಬೇಕು. ಮೇಲಕ್ಕೆತ್ತಿ ಎಳೆದರೆ ಚರ್ಮ ತರಚುತ್ತದೆ. ಒಂದೇ ಜಾಗಕ್ಕೆ ಎರಡನೆಯ ಸಲ ಹಾಕುವುದಕ್ಕಿಂತ ಉಳಿದ ರೋಮವನ್ನು ಚಿಮಟದಿಂದ ಕೀಳುವುದೇ ಸರಿ. ಮೇಣ ಸವರುವ ಕಡ್ಡಿಯನ್ನು ಒಬ್ಬರ ಮುಖಕ್ಕೆ ಮುಟ್ಟಿಸಿ ಮತ್ತೆ ಪಾತ್ರೆಗೆ ಅದ್ದಿದರೆ ಸೋಂಕು ಮುಂದಿನವರಿಗೆ ದಾಟಬಹುದು. ಪ್ರತಿ ಸಲ ಹೊಸ ಕಡ್ಡಿ ಬಳಸಿ ಎಂದು ಕೇಳುವುದು ಗ್ರಾಹಕರ ಹಕ್ಕು. ಹದಿಹರೆಯದವರು ಇದನ್ನು ಕೇಳಲು ಸಂಕೋಚಪಡುವುದರಿಂದ ಮೊದಲ ಸಲ ತಾಯಿಯೋ ಅಕ್ಕನೋ ಜೊತೆಗಿರುವುದು ಒಳ್ಳೆಯದು.

ನಂತರದ ಆರೈಕೆ

ಕೆಂಪಾಗುವುದು, ಸಣ್ಣ ದದ್ದು ಹಾಗೂ ತುಸು ಊತ ಸಹಜ. ಹೆಚ್ಚಿನವರಲ್ಲಿ ಕೆಲವು ಗಂಟೆಗಳಿಂದ ಒಂದು ದಿನದೊಳಗೆ ಇಳಿಯುತ್ತವೆ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು ಹತ್ತು ನಿಮಿಷ ಇಡಬಹುದು. ಅಂಟಿ ಉಳಿದ ಮೇಣವನ್ನು ಕೆರೆಯದೆ ಎಣ್ಣೆ ಸವರಿ ಬಿಡಿಸಬೇಕು. ಒಂದೆರಡು ದಿನ ಬಿಸಿನೀರು, ಹಬೆ, ಬೆವರು ಬರುವ ವ್ಯಾಯಾಮ, ಸುಗಂಧದ್ರವ್ಯ, ಮೇಕಪ್ ಮತ್ತು ಕಡಲೆಹಿಟ್ಟಿನ ಉಜ್ಜುವಿಕೆ ಬೇಡ. ನಿಂಬೆರಸವಂತೂ ಬೇಡವೇ ಬೇಡ. ಅದು ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಟ್ಟು ಕಪ್ಪಾಗಿಸುತ್ತದೆ. ಹಿತ್ತಲಿನ ಲೋಳೆಸರ ಬಳಸುವವರು ಎಲೆ ಕತ್ತರಿಸಿದಾಗ ಒಸರುವ ಹಳದಿ ರಸವನ್ನು ಪೂರ್ತಿ ಹರಿಯಬಿಟ್ಟು, ತೊಳೆದು, ಒಳಗಿನ ತಿಳಿಲೋಳೆಯನ್ನಷ್ಟೇ ತೆಗೆದುಕೊಳ್ಳಬೇಕು. ಹಳದಿ ರಸ ಉರಿ ತರುತ್ತದೆ.

ಚಿತ್ರದುರ್ಗ ಜಿಲ್ಲೆಯ ಒಣಹವೆ, ಗಾಳಿ ಮತ್ತು ಬಿಸಿಲು ಇಲ್ಲಿ ಗಮನಿಸಬೇಕಾದ ಸಂಗತಿಗಳು. ಬೆಟ್ಟಸಾಲುಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವ ನಾಡು ಇದು. ಗಾಳಿಯೊಡನೆ ಧೂಳೂ ಬರುತ್ತದೆ. ಹಿರಿಯೂರಿನಿಂದ ಸುಮಾರು 40 ಕಿ.ಮೀ. ದೂರದ ಜಿಲ್ಲಾಕೇಂದ್ರಕ್ಕೆ, ಅಥವಾ ಇನ್ನೂ ದೂರದ ಹೊಸದುರ್ಗದಿಂದ, ಬಂದು ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಹಿಂದಿರುಗುವವರಿಗೆ ಆಗಷ್ಟೇ ಕಿತ್ತ ಚರ್ಮದ ಮೇಲೆ ಬಿಸಿಲೂ ಧೂಳೂ ಒಟ್ಟಿಗೆ ಬೀಳುತ್ತವೆ. ಸಂಜೆಯ ಹೊತ್ತು ಗೊತ್ತುಮಾಡಿಕೊಳ್ಳುವುದು, ಒಗೆದ ಹತ್ತಿಯ ದುಪಟ್ಟಾವನ್ನು ಸಡಿಲವಾಗಿ ಹೊದೆಯುವುದು, ಉರಿ ತಗ್ಗಿದ ಮೇಲೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚುವುದು ಇದಕ್ಕೆ ಪರಿಹಾರ. ಗೋಧಿಬಣ್ಣ ಹಾಗೂ ಕಪ್ಪುಬಣ್ಣದ ಚರ್ಮದಲ್ಲಿ ಚಿಕ್ಕ ಗಾಯವೂ ಕಪ್ಪು ಕಲೆಯಾಗಿ ವಾರಗಳಿಂದ ತಿಂಗಳುಗಳವರೆಗೆ ನಿಲ್ಲುತ್ತದೆಯಾದ್ದರಿಂದ ಇದು ಬರಿಯ ಸೊಗಸಿನ ಸಲಹೆಯಲ್ಲ.

ತೊಡಕುಗಳು

ಬಿಸಿ ಮೇಣದಿಂದ ಸುಟ್ಟರೆ ಕೂಡಲೇ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ ಹಚ್ಚಬಾರದು. ಚರ್ಮ ಸುಲಿದಿದ್ದರೆ ಶುಭ್ರವಾಗಿ ತೊಳೆದು ಪೆಟ್ರೋಲಿಯಂ ಜೆಲ್ಲಿ ಸವರಿ, ಹಕ್ಕಳೆಯನ್ನು ಕೀಳದೆ ಬಿಡಬೇಕು. ಒಳಮುಖವಾಗಿ ಬೆಳೆದ ರೋಮವನ್ನು ಸೂಜಿಯಿಂದ ಕೆದಕುವುದು ಕಲೆಗೆ ದಾರಿ. ಕೀವು, ಜ್ವರ, ಹರಡುವ ಕೆಂಪು, ಕಣ್ಣಿನ ಸುತ್ತ ಊತ ಅಥವಾ ನೀರುಗುಳ್ಳೆ ಕಂಡರೆ ವೈದ್ಯರನ್ನು ಕಾಣಬೇಕು. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ ಹಾಗೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಚರ್ಮರೋಗ ಚಿಕಿತ್ಸೆ ದೊರೆಯುತ್ತದೆ.

ರೋಮ ಹೆಚ್ಚಲು ಕಾರಣ

ನವಿರು ರೋಮ ಎಲ್ಲ ಹೆಂಗಸರ ಮುಖದಲ್ಲೂ ಇರುತ್ತದೆ. ಮೇಲ್ದುಟಿ ಮತ್ತು ಗದ್ದದಲ್ಲಿ ದಪ್ಪವಾದ ಕಪ್ಪು ರೋಮ ಬೆಳೆಯುವುದನ್ನು ವೈದ್ಯರು ಹರ್ಸುಟಿಸಮ್ ಎನ್ನುತ್ತಾರೆ. ಅದರ ಪ್ರಮಾಣವನ್ನು ಅಳೆಯಲು ಫೆರಿಮನ್ ಮತ್ತು ಗಾಲ್ವೆ 1961ರಲ್ಲಿ ರೂಪಿಸಿದ ಅಂಕಪದ್ಧತಿ ಇಂದಿಗೂ ಪರಿಷ್ಕೃತ ರೂಪದಲ್ಲಿ ಬಳಕೆಯಲ್ಲಿದೆ. ಇದಕ್ಕೆ ಬಹುಸಾಮಾನ್ಯ ಕಾರಣ, ಸ್ಟೀನ್ ಮತ್ತು ಲೆವೆಂಥಾಲ್ 1935ರಲ್ಲಿ ವಿವರಿಸಿದ, ಇಂದು ಪಿಸಿಓಎಸ್ ಎಂದು ಕರೆಯಲಾಗುವ ಅಂಡಾಶಯದ ತೊಂದರೆ. ಮುಟ್ಟು ಏರುಪೇರಾಗುವುದು, ಮೊಡವೆ, ತೂಕ ಏರಿಕೆ, ಕತ್ತಿನ ಹಿಂಭಾಗ ಮಖಮಲ್ಲಿನಂತೆ ಕಪ್ಪಾಗುವುದು ಜೊತೆಗಿದ್ದರೆ ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ಅಗತ್ಯ, ಏಕೆಂದರೆ ಮುಂದೆ ಮಧುಮೇಹ ಬರುವ ಸಾಧ್ಯತೆ ಇಂಥವರಲ್ಲಿ ಹೆಚ್ಚು. ಕೆಲವೇ ತಿಂಗಳಲ್ಲಿ ರೋಮ ವೇಗವಾಗಿ ಬೆಳೆದು ಧ್ವನಿಯೂ ಗಡುಸಾದರೆ ತಡಮಾಡಬಾರದು. ತರಗತಿಯಲ್ಲಿ ಮೀಸೆಯ ಹುಡುಗಿ ಎಂದು ಹೀಯಾಳಿಸಿಕೊಂಡು ಮುಖ ಮುಚ್ಚಿಕೊಳ್ಳುವ ಮಗುವನ್ನು ಪಾರ್ಲರಿಗೆ ಕರೆದೊಯ್ಯುವ ಮನೆಯವರು ಆಸ್ಪತ್ರೆಗೆ ಕರೆದೊಯ್ಯುವುದನ್ನು ಮರೆಯುತ್ತಾರೆ. ಮೇಣವು ರೋಮವನ್ನು ತೆಗೆಯುತ್ತದೆ, ಹಾರ್ಮೋನನ್ನು ಮುಟ್ಟುವುದಿಲ್ಲ.

ಇತರ ವಿಧಾನಗಳು

ಥ್ರೆಡ್ಡಿಂಗ್‌ನಲ್ಲಿ ಬಿಸಿಯೂ ರಾಸಾಯನಿಕವೂ ಇಲ್ಲವಾದ್ದರಿಂದ ಸೂಕ್ಷ್ಮ ಚರ್ಮದವರಿಗೆ ಅದು ವ್ಯಾಕ್ಸಿಂಗ್‌ಗಿಂತ ಸುರಕ್ಷಿತ. ಮುಖಕ್ಕೆಂದೇ ಮಾಡಿದ ಚಿಕ್ಕ ರೇಜರ್ ನೋವಿಲ್ಲದ ಉಪಾಯ, ಆದರೆ ರೋಮ ಕೆಲವೇ ದಿನಗಳಲ್ಲಿ ಕಾಣುತ್ತದೆ. ಲೇಸರ್ ಚಿಕಿತ್ಸೆ ರೋಮದ ಕಪ್ಪು ವರ್ಣಕವನ್ನು ಗುರಿಯಾಗಿಸುವುದರಿಂದ ನರೆತ ರೋಮಕ್ಕೆ ನಾಟುವುದಿಲ್ಲ, ಹಲವು ಸರದಿಗಳು ಬೇಕು. ಚಿಕಿತ್ಸೆ ನಡೆಯುವ ಅವಧಿಯಲ್ಲಿ ವ್ಯಾಕ್ಸಿಂಗ್ ಮಾಡಿಸಿದರೆ ಲೇಸರಿಗೆ ಬೇಕಾದ ಬೇರೇ ಉಳಿಯುವುದಿಲ್ಲ. ನರೆತ ರೋಮಕ್ಕೆ ವಿದ್ಯುತ್ತಿನಿಂದ ಒಂದೊಂದೇ ಬೇರನ್ನು ಸುಡುವ ಎಲೆಕ್ಟ್ರಾಲಿಸಿಸ್ ಬಳಸಲಾಗುತ್ತದೆ.