‘ನಾವು’ ಅಲ್ಲ, ‘ನಾನು’: ಒಂದು ಎಂಜಿನಿಯರ್ ರಿಪೋರ್ಟ್‌ನ ಹಿಂದಿನ ಕಥೆ

ಇವತ್ತಿನ ಎಪಿಸೋಡ್ ಶುರುವಾಗೋದು ನಮ್ಮ ದೊಡ್ಡಮ್ಮನ ಮನೆ ಊಟದ ಟೇಬಲ್‌ನಿಂದ. ದೊಡ್ಡಮ್ಮನ ಮಗಳು, ಅಂದ್ರೆ ನನ್ನ ಅಕ್ಕ, ಸಿವಿಲ್ ಎಂಜಿನಿಯರ್. ಒಂಬತ್ತು ವರ್ಷ ಸೇತುವೆ, ಮೋರಿ, ಹೈವೇ ಅಂತ ಬಿಸಿಲಲ್ಲಿ ನಿಂತು ಕೆಲಸ ಮಾಡಿದವಳು. ಒಂದು ರಾತ್ರಿ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, “ಲೋ, ನೀನು ಕಥೆ ಹೇಳಿ ಹೊಟ್ಟೆ ಹೊರೆಯೋನು ಅಲ್ವಾ, ಇದನ್ನ ಸ್ವಲ್ಪ ನೋಡು” ಅಂದಳು.

ಅದು ಆಸ್ಟ್ರೇಲಿಯಾಕ್ಕೆ ವಲಸೆ ಹೋಗೋಕೆ ಬೇಕಾದ ರಿಪೋರ್ಟ್. ಪೂರ್ತಿ ಹೆಸರು ಕಾಂಪಿಟೆನ್ಸಿ ಡೆಮಾನ್‌ಸ್ಟ್ರೇಷನ್ ರಿಪೋರ್ಟ್, ಎಲ್ಲರೂ ಕರೆಯೋದು ಸಿಡಿಆರ್ ಅಂತ. ನಾನು ಬಿಕಾಂ. ನನಗೆ ಸಿಮೆಂಟ್ ಅಂದ್ರೆ ಚೀಲದ ರೇಟ್ ಅಷ್ಟೇ ಗೊತ್ತು. ಆದ್ರೂ ಓದಿದೆ. ಓದ್ತಾ ಓದ್ತಾ ಒಂದು ಪ್ರಶ್ನೆ ತಲೆಗೆ ಹೊಕ್ಕಿತು: ಡಿಗ್ರಿ ಇದೆ, ಅನುಭವ ಇದೆ, ಆದ್ರೂ ‘ನಾನು ಎಂಜಿನಿಯರ್’ ಅಂತ ಒಬ್ಬರು ಮತ್ತೆ ಸಾಬೀತು ಮಾಡಬೇಕು ಅನ್ನೋ ಪದ್ಧತಿ ಎಲ್ಲಿಂದ ಬಂತು?

ಮೊದಲು ಈ ರಿಪೋರ್ಟ್‌ನಲ್ಲಿ ಏನಿರುತ್ತೆ ಹೇಳ್ತೀನಿ. ಇದನ್ನ ಪರಿಶೀಲಿಸೋದು ಎಂಜಿನಿಯರ್ಸ್ ಆಸ್ಟ್ರೇಲಿಯಾ ಅನ್ನೋ ಸಂಸ್ಥೆ, 1919ರಲ್ಲಿ ಹುಟ್ಟಿದ್ದು. ಅರ್ಜಿದಾರರು ತಮ್ಮ ಕೆಲಸದ ಬಗ್ಗೆ ಮೂರು ಪ್ರಬಂಧ ಬರೀಬೇಕು. ಅವಕ್ಕೆ ಕೆರಿಯರ್ ಎಪಿಸೋಡ್ ಅಂತ ಹೆಸರು. ಒಂದೊಂದೂ 1000ದಿಂದ 2500 ಪದ. ಪ್ರತಿ ಪ್ಯಾರಾಕ್ಕೂ ನಂಬರ್ ಹಾಕಬೇಕು. ಆಮೇಲೆ ಸಮ್ಮರಿ ಸ್ಟೇಟ್‌ಮೆಂಟ್ ಅನ್ನೋ ಟೇಬಲ್‌ನಲ್ಲಿ, ಒಬ್ಬ ಪ್ರೊಫೆಷನಲ್ ಎಂಜಿನಿಯರ್‌ಗೆ ಇರಬೇಕಾದ 16 ಸಾಮರ್ಥ್ಯಗಳಲ್ಲಿ ಯಾವುದು ಯಾವ ಪ್ಯಾರಾದಲ್ಲಿ ಕಾಣುತ್ತೆ ಅಂತ ತೋರಿಸಬೇಕು. ನಮ್ಮ ಅಕೌಂಟ್ಸ್ ಭಾಷೇಲಿ ಹೇಳೋದಾದ್ರೆ, ಪ್ರತಿ ಎಂಟ್ರಿಗೂ ಒಂದು ವೋಚರ್.

ಈಗ ಹಿಂದಕ್ಕೆ ಹೋಗೋಣ. 1901. ಆಸ್ಟ್ರೇಲಿಯಾ ಒಂದು ದೇಶವಾದ ವರ್ಷ. ಹೊಸ ಪಾರ್ಲಿಮೆಂಟ್ ಆ ವರ್ಷವೇ ವಲಸೆ ನಿರ್ಬಂಧ ಕಾಯ್ದೆ ತಂತು. ಬಿಳಿಯರಲ್ಲದವರನ್ನ ಹೊರಗಿಡಬೇಕು ಅನ್ನೋದೇ ಉದ್ದೇಶ. ಆದ್ರೆ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಭಾರತೀಯರೂ ಪ್ರಜೆಗಳೇ ಆಗಿದ್ರಿಂದ ‘ನಿಮ್ಮ ಬಣ್ಣ ಸರಿಯಿಲ್ಲ’ ಅಂತ ಕಾನೂನಲ್ಲಿ ನೇರವಾಗಿ ಬರೆಯೋದು ಲಂಡನ್‌ಗೆ ಇಷ್ಟ ಇರಲಿಲ್ಲ. ಅದಕ್ಕೊಂದು ಉಪಾಯ ಹುಡುಕಿದ್ರು. ಬಂದರಿನ ಅಧಿಕಾರಿ 50 ಪದಗಳ ಒಂದು ಭಾಗವನ್ನ ಯಾವುದಾದರೂ ಯುರೋಪಿಯನ್ ಭಾಷೇಲಿ ಓದ್ತಾನೆ. ಬಂದವರು ಅದನ್ನ ತಪ್ಪಿಲ್ಲದೆ ಬರೀಬೇಕು. ಭಾಷೆ ಯಾವುದು ಅಂತ ಆರಿಸೋದು ಅಧಿಕಾರಿ. ನಿಮಗೆ ಇಂಗ್ಲಿಷ್ ಬಂದ್ರೆ ಅವನು ಬೇರೆ ಭಾಷೆ ಎತ್ತಿಕೊಳ್ಳಬಹುದು. 1909ರ ನಂತರ ಈ ಪರೀಕ್ಷೆ ಕೊಟ್ಟ ಒಬ್ಬರೂ ಪಾಸಾಗಲಿಲ್ಲ.

ಈ ಉಪಾಯಕ್ಕೂ ನಮಗೂ ಸಂಬಂಧ ಇದೆ. ಇದರ ಮಾದರಿ ಬಂದಿದ್ದು ದಕ್ಷಿಣ ಆಫ್ರಿಕಾದ ನೇಟಾಲ್‌ನ 1897ರ ಕಾನೂನಿನಿಂದ. ಅಲ್ಲಿ ಅದು ಗುರಿ ಇಟ್ಟಿದ್ದು ಭಾರತೀಯರ ಮೇಲೆ. ಆಗ ಅಲ್ಲೇ ಇದ್ದ ವಕೀಲ ಮೋಹನದಾಸ ಗಾಂಧಿ ಅದರ ವಿರುದ್ಧ ಅರ್ಜಿ ಮೇಲೆ ಅರ್ಜಿ ಬರೀತಿದ್ರು.

1934ರಲ್ಲಿ ಒಂದು ತಮಾಷೆಯೂ ನಡೀತು. ಎಗಾನ್ ಕಿಶ್ ಅನ್ನೋ ಪ್ರಾಗ್‌ನ ಬರಹಗಾರ, ಹಿಟ್ಲರ್ ವಿರೋಧಿ, ಭಾಷಣಕ್ಕೆ ಅಂತ ಬಂದ. ಸರ್ಕಾರಕ್ಕೆ ಅವನು ಬೇಡ. ಅವನಿಗೋ ಹಲವಾರು ಭಾಷೆ ಬರ್ತಿತ್ತು. ಕೊನೆಗೆ ಸ್ಕಾಟಿಷ್ ಗೇಲಿಕ್‌ನಲ್ಲಿ ಪರೀಕ್ಷೆ ಕೊಟ್ಟು ಫೇಲ್ ಮಾಡಿದ್ರು! ಅಲ್ಲಿನ ಹೈಕೋರ್ಟ್, ಈ ಕಾನೂನಿನ ಲೆಕ್ಕದಲ್ಲಿ ಅದು ಯುರೋಪಿಯನ್ ಭಾಷೆ ಅಲ್ಲ ಅಂತ ಆ ಪರೀಕ್ಷೆಯನ್ನ ತಳ್ಳಿಹಾಕ್ತು. ಆದ್ರೂ ಪದ್ಧತಿ ಹೋಗಿದ್ದು 1958ರಲ್ಲಿ.

ಈ ಮಧ್ಯೆ ಎರಡನೇ ಮಹಾಯುದ್ಧ ಮುಗಿದಿತ್ತು. 1947ರಿಂದ ಯುರೋಪಿನ ಸುಮಾರು 1,70,000 ನಿರಾಶ್ರಿತರು ಆಸ್ಟ್ರೇಲಿಯಾಕ್ಕೆ ಬಂದ್ರು. ಅವರಲ್ಲಿ ಡಾಕ್ಟರ್‌ಗಳಿದ್ರು, ಎಂಜಿನಿಯರ್‌ಗಳಿದ್ರು. ಆದ್ರೆ ಸರ್ಕಾರ ಹೇಳಿದ ಕಡೆ ಎರಡು ವರ್ಷ ದುಡೀಬೇಕು ಅನ್ನೋ ಕರಾರಿತ್ತು. ಕಾಗದದಲ್ಲಿ ಗಂಡಸರು ಅಂದ್ರೆ ‘ಕೂಲಿ’, ಹೆಂಗಸರು ಅಂದ್ರೆ ‘ಮನೆಗೆಲಸ’. ಡಿಗ್ರಿ ಕೇಳೋರೇ ಇರಲಿಲ್ಲ.

1949ರಲ್ಲಿ ಸ್ನೋಯಿ ಮೌಂಟನ್ಸ್ ಯೋಜನೆ ಶುರುವಾಯ್ತು. ಬೆಟ್ಟದ ನದಿಗಳ ನೀರನ್ನ ತಿರುಗಿಸಿ ಕರೆಂಟು ಮತ್ತು ನೀರಾವರಿ. 1974ಕ್ಕೆ ಮುಗಿಯೋ ಹೊತ್ತಿಗೆ 16 ದೊಡ್ಡ ಅಣೆಕಟ್ಟು, 7 ವಿದ್ಯುತ್ ಕೇಂದ್ರ, ಸುಮಾರು 145 ಕಿಲೋಮೀಟರ್ ಸುರಂಗ. ಮೂವತ್ತಕ್ಕೂ ಹೆಚ್ಚು ದೇಶಗಳಿಂದ ಬಂದವರೂ ಸೇರಿ ಲಕ್ಷಕ್ಕೂ ಹೆಚ್ಚು ಜನ ದುಡಿದ್ರು. ಅಧಿಕೃತ ಲೆಕ್ಕದಲ್ಲೇ 121 ಜನ ಸತ್ರು. ಆ ದೇಶಕ್ಕೆ ಹೊರಗಿನವರ ಕೈ ಎಷ್ಟು ಬೇಕು ಅನ್ನೋದು ಆ ಬೆಟ್ಟದಲ್ಲಿ ಗೊತ್ತಾಯ್ತು. ಆದ್ರೆ ಆಗಲೂ ಬಾಗಿಲು ತೆರೆದಿದ್ದು ಬಹುಮಟ್ಟಿಗೆ ಯುರೋಪಿನವರಿಗೆ.

1966ರಲ್ಲಿ ನಿಯಮ ಸ್ವಲ್ಪ ಸಡಿಲವಾಯ್ತು. ದೇಶಕ್ಕೆ ಉಪಯೋಗ ಆಗೋ ಅರ್ಹತೆ ಇದ್ರೆ ಯುರೋಪಿಯನ್ನರಲ್ಲದವರನ್ನೂ ಪರಿಗಣಿಸಬಹುದು ಅಂದ್ರು. 1973ರಲ್ಲಿ ವಿಟ್ಲಮ್ ಸರ್ಕಾರ ಬಣ್ಣದ ಲೆಕ್ಕವನ್ನೇ ಕಿತ್ತುಹಾಕ್ತು. ಕೆನಡಾ 1967ರಲ್ಲೇ ತಂದಿದ್ದ ಪಾಯಿಂಟ್ಸ್ ಪದ್ಧತಿಯ ದಾರಿಯನ್ನ ಆಸ್ಟ್ರೇಲಿಯಾ 1979ರಲ್ಲಿ ಹಿಡೀತು. ವಯಸ್ಸಿಗೆ ಇಷ್ಟು, ಭಾಷೆಗೆ ಇಷ್ಟು, ಕಸುಬಿಗೆ ಇಷ್ಟು. ಹೀಗೆ, ‘ನೀನು ಯಾರ ಮಗ’ ಅನ್ನೋ ಪ್ರಶ್ನೆ ಹೋಗಿ ‘ನಿನಗೆ ಏನು ಬರುತ್ತೆ’ ಅನ್ನೋ ಪ್ರಶ್ನೆ ಬಂತು. ಆದ್ರೆ ಏನು ಬರುತ್ತೆ ಅಂತ ಅಳೆಯೋದು ಹೇಗೆ?

1989ರಲ್ಲಿ ಆರು ದೇಶಗಳು ವಾಷಿಂಗ್ಟನ್ ಒಪ್ಪಂದ ಮಾಡಿಕೊಂಡ್ವು. ನಿಮ್ಮ ಮಾನ್ಯತೆ ಪಡೆದ ಎಂಜಿನಿಯರಿಂಗ್ ಕೋರ್ಸನ್ನ ನಾವು ಒಪ್ತೀವಿ, ನಮ್ಮದನ್ನ ನೀವು ಒಪ್ಪಿ ಅಂತ. ಭಾರತ ಪೂರ್ಣ ಸದಸ್ಯ ಆಗಿದ್ದು 2014ರ ಜೂನ್‌ನಲ್ಲಿ. ಅದೂ ಎಲ್ಲಾ ಕಾಲೇಜಿಗೂ ಅಲ್ಲ. ಎನ್‌ಬಿಎ ಟಿಯರ್-1 ಅಂತ ಮಾನ್ಯತೆ ಕೊಟ್ಟ ಕೋರ್ಸ್‌ಗಳಿಗೆ ಮಾತ್ರ. ಅಕ್ಕ ಓದಿದ್ದು ವಿಟಿಯುಗೆ ಸೇರಿದ ಒಂದು ಸಾಧಾರಣ ಕಾಲೇಜಲ್ಲಿ. ಆ ಪಟ್ಟಿಯಲ್ಲಿ ಅದಿಲ್ಲ. ಇಂಥವರ ದಾರಿನೇ ಸಿಡಿಆರ್. ಕಾಲೇಜಿನ ಹೆಸರು ಸಾಲದಿದ್ರೆ, ನಿನ್ನ ಕೆಲಸವೇ ಮಾತಾಡಲಿ.

ಸರಿ, ಊಟದ ಟೇಬಲ್‌ಗೆ ವಾಪಸ್. ಅಕ್ಕನಿಗೆ ಒಂದು ಗಡಿಬಿಡಿ ಇತ್ತು. ಪಾಯಿಂಟ್ಸ್‌ನಲ್ಲಿ 25ರಿಂದ 32 ವಯಸ್ಸಿಗೆ 30 ಅಂಕ. 33 ತುಂಬಿದ ದಿನ ಅದು 25. ಅವಳ ಹುಟ್ಟುಹಬ್ಬಕ್ಕೆ ಏಳು ತಿಂಗಳು ಬಾಕಿ. ಒಬ್ಬ ಏಜೆಂಟ್ ಫೋನ್ ಮಾಡಿ, “ರೆಡಿಮೇಡ್ ಎಪಿಸೋಡ್ ಇದೆ ಮೇಡಂ, ಹೆಸರು ಬದಲಾಯಿಸಿದ್ರೆ ಸಾಕು, ಹತ್ತು ದಿನ” ಅಂದಿದ್ದ. ದೊಡ್ಡಪ್ಪ ದುಡ್ಡು ಕೊಡೋಕೂ ರೆಡಿ. ನಕಲು ಅಂತ ಸಿಕ್ಕಿಬಿದ್ರೆ ಅರ್ಜಿ ತಿರಸ್ಕಾರ, ಮೇಲೆ ನಿಷೇಧ, ವಲಸೆ ಇಲಾಖೆಗೂ ಸುದ್ದಿ ಹೋಗುತ್ತೆ. ಅದು ಗೊತ್ತಿದ್ದೂ ಅಕ್ಕ ಅರ್ಧ ಒಪ್ಪಿದ್ದಳು. ಕಾರಣ ಸೋಮಾರಿತನ ಅಲ್ಲ. “ನಾನು ಬರೆಯೋಕೆ ಏನಿದೆ? ಎಲ್ಲ ಟೀಮ್ ಕೆಲಸ” ಅಂದಳು.

ಅವಳ ಡ್ರಾಫ್ಟ್ ಪೂರ್ತಿ ಅದೇ. ನಾವು ಸರ್ವೆ ಮಾಡಿದೆವು, ನಾವು ಡಿಸೈನ್ ಮಾಡಿದೆವು. ಆದ್ರೆ ಸಿಡಿಆರ್‌ನ ಮುಖ್ಯ ನಿಯಮವೇ ಇದು: ಟೀಮ್ ಏನು ಮಾಡ್ತು ಅಂತ ಬೇಡ, ನೀನು ಏನು ಮಾಡಿದೆ ಅಂತ ಹೇಳು. ಕನಕದಾಸರ ‘ನಾನು’ ಕಥೆ ಕೇಳಿಕೊಂಡು ಬೆಳೆದ ನಮ್ಮಂಥವರಿಗೆ ಇದು ಬಾಯಿಗೆ ಬರೋದು ಕಷ್ಟ. ಅದರಲ್ಲೂ ಸೈಟ್‌ನಲ್ಲಿದ್ದ ಒಬ್ಬಳೇ ಹೆಣ್ಣುಮಗಳಿಗೆ ಇನ್ನೂ ಕಷ್ಟ.

ನಾನು ಆಡಿಟರ್ ಥರ ಕೂತೆ. ಹಾವೇರಿ ಕಡೆಯ ಒಂದು ಚಿಕ್ಕ ಸೇತುವೆ. “ಇಲ್ಲಿ ‘ಕೆಲಸ ನಿಲ್ಲಿಸಲಾಯಿತು’ ಅಂತ ಬರೆದಿದ್ದೀಯ. ಯಾಕೆ?”

“ಪಾಯ ತೋಡ್ತಾ ಇದ್ವಿ. ಮಣ್ಣಿನ ರಿಪೋರ್ಟ್‌ನಲ್ಲಿ ಆ ಆಳಕ್ಕೆ ಗಟ್ಟಿ ನೆಲ ಅಂತಿತ್ತು. ನೋಡಿದ್ರೆ ಇನ್ನೂ ಎರೆ ಮಣ್ಣೇ ಬರ್ತಿತ್ತು.”

ಎರೆ ಮಣ್ಣು ನಿಮಗೆ ಗೊತ್ತಲ್ಲ, ಮಳೆ ಬಂದ್ರೆ ಉಬ್ಬುತ್ತೆ, ಬೇಸಿಗೇಲಿ ಬಿರುಕು ಬಿಡುತ್ತೆ. ಅದರ ಮೇಲೆ ಪಾಯ ಕೂರಿಸಿದ್ರೆ ಸೇತುವೆ ನೆಟ್ಟಗೆ ನಿಲ್ಲಲ್ಲ.

“ನಿಲ್ಲಿಸಿ ಅಂದಿದ್ದು ಯಾರು?”

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನಾನೇ. ಕಂಟ್ರಾಕ್ಟರ್ ಮೂರು ದಿನ ಬೈದ. ಇನ್ನೊಂದು ಬೋರ್ ಹಾಕಿಸಿದೆ. ಪೈಲ್ ಹಾಕಬೇಕು ಅಂತ ಲೆಕ್ಕ ಮಾಡಿ ಕಳಿಸಿದೆ, ಒಪ್ಪಿದ್ರು.”

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ, “ಇದನ್ನ ನಮ್ಮ ಹತ್ರ ಹೇಳೇ ಇಲ್ವಲ್ಲೇ” ಅಂದ್ರು.

ಏಜೆಂಟ್‌ಗೆ ಅಕ್ಕ ಮತ್ತೆ ಫೋನ್ ಮಾಡಲಿಲ್ಲ. ಎಪಿಸೋಡ್ ಬರೆಯೋಕೆ ಹತ್ತು ದಿನದ ಬದಲು ಎರಡೂವರೆ ತಿಂಗಳು ಹಿಡೀತು. ಹಳೇ ಡೈರಿ ತೆಗೆದಳು, ಡ್ರಾಯಿಂಗ್ ಹುಡುಕಿದಳು, ಲೆಕ್ಕ ಮತ್ತೆ ಮಾಡಿದಳು. ರಿಪೋರ್ಟ್ ಈಗ ಪರಿಶೀಲನೆಯಲ್ಲಿದೆ. ಹುಟ್ಟುಹಬ್ಬ ಹತ್ತಿರ ಬರ್ತಿದೆ, ಆ ಐದು ಅಂಕ ಉಳಿಯುತ್ತೋ ಹೋಗುತ್ತೋ ನೋಡಬೇಕು.

50 ಪದದ ಪರೀಕ್ಷೆ ಮಾಡಿದ್ದೇ ಯಾರೂ ಪಾಸಾಗಬಾರದು ಅಂತ. ಸಿಡಿಆರ್ ಹಾಗಲ್ಲ. ಆದ್ರೂ ಎರಡರಲ್ಲೂ ಬಾಗಿಲು ಕಾಯೋರು ಅವರು, ಬರೆಯೋರು ನಾವು. ವ್ಯತ್ಯಾಸ ಇಷ್ಟೇ, ಇವತ್ತು ಏನು ಬರೀಬೇಕು ಅನ್ನೋದು ನಮ್ಮ ಕೈಯಲ್ಲಿದೆ. ಅದನ್ನೂ ಏಜೆಂಟ್‌ಗೆ ಮಾರಿಬಿಟ್ರೆ ಉಳಿಯೋದೇನು?

ನಿಮ್ಮ ಮನೇಲೂ ಯಾರಾದ್ರೂ ಸೈಟ್‌ನಲ್ಲೋ ಫ್ಯಾಕ್ಟರಿಯಲ್ಲೋ ದುಡಿದಿದ್ರೆ ಇವತ್ತು ಊಟಕ್ಕೆ ಕೂತಾಗ ಕೇಳಿ ನೋಡಿ: “ಅದರಲ್ಲಿ ನೀವು ಮಾಡಿದ್ದು ಏನು?” ವಿಸಾ ಬೇಕಿಲ್ಲದಿದ್ರೂ ಕೇಳಿ. ಮುಂದಿನ ವಾರ ಸಿಗೋಣ.